ಮರೆವಿನ ಹಿರಿಯರು: ಮನೆಯ ಆರೈಕೆಯೇ, ಆರೈಕೆ ಕೇಂದ್ರವೇ?

(ಚಿತ್ತವಾಡ್ಗಿಯಲ್ಲಿ ದಂಪತಿಗಳ ಸಭೆಯಲ್ಲಿ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದರೆ ಮಕ್ಕಳೆಷ್ಟಿರಬೇಕು, ಹೆರಿಗೆ ಎಲ್ಲಿ ಆಗಬೇಕು, ಮಗುವಿಗೆ ಚುಚ್ಚುಮದ್ದು ಯಾವಾಗ ಹಾಕಿಸಬೇಕು ಎಂಬ ಮಾತುಗಳೇ ಇರುತ್ತವೆಂದು ತಾವು ಎಣಿಸಿ ಬಂದಿರಬಹುದು. ಇಂದು ನಾನು ಆಡಬೇಕೆಂದಿರುವ ಮಾತು ಮಕ್ಕಳ ವಿಷಯವಲ್ಲ. ಮನೆಯ ಪಡಸಾಲೆಯಲ್ಲಿ ಕುಳಿತು, ಈಗತಾನೇ ಉಂಡ ಊಟವನ್ನು ಮರೆತು, "ನನಗೆ ಅನ್ನವನ್ನೇ ಹಾಕಿಲ್ಲ" ಎಂದು ಬೀದಿಯವರೆದುರು ಹೇಳುವ ತಂದೆ ತಾಯಂದಿರ ವಿಷಯ, ಮತ್ತು ಆ ಮಾತನ್ನು ಕೇಳಿ ತಲೆ ತಗ್ಗಿಸುವ ಮಗ ಸೊಸೆಯಂದಿರ ವಿಷಯ.

ಮೊದಲಿಗೆ ನನ್ನಿಂದಲೇ ಆದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಲವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ತಮ್ಮ ಅತ್ತೆಯವರನ್ನು ಪರೀಕ್ಷೆಗೆ ಕರೆತಂದಿದ್ದರು. ಆ ವೃದ್ಧೆಯ ಕಾಲಿನ ಹರಡಿನ ಸುತ್ತ ಹಗ್ಗದ ಗುರುತು ಸ್ಪಷ್ಟವಾಗಿತ್ತು. ಅದನ್ನು ನೋಡಿದೊಡನೆಯೇ ನನಗೆ ಕೋಪ ಬಂದಿತು. ಹತ್ತು ಜನ ರೋಗಿಗಳೆದುರು ಆ ಸೊಸೆಯನ್ನು ಬಹಳ ಕಟುವಾಗಿ ಬೈದೆ. ಆಕೆ ಒಂದು ಮಾತನ್ನೂ ಆಡದೆ ಚೀಟಿಯನ್ನು ತೆಗೆದುಕೊಂಡು ಹೊರಟುಹೋದರು. ಮರುದಿನ ಆ ಭಾಗದ ಆಶಾ ಕಾರ್ಯಕರ್ತೆ ಬಂದು ನನಗೆ ಹೇಳಿದ್ದಿಷ್ಟು: "ಸಾರ್, ಆ ಅಮ್ಮ ಎರಡು ಸಲ ರಾತ್ರಿ ಹೊತ್ತು ಎದ್ದು ಕಾಲುವೆ ದಂಡೆಗೆ ಹೋಗಿದ್ರು. ಗಂಡ ಲಾರಿ ಮೇಲೆ ಹೋದ್ರೆ ನಾಲ್ಕು ದಿನ ಬರಲ್ಲ. ಹಗಲು ಈಕೆ ನಾಟಿ ಕೆಲಸಕ್ಕೆ ಹೋಗ್ಬೇಕು. ಹಗ್ಗದ ಒಂದು ತುದಿ ಅತ್ತೆ ಕಾಲಿಗೆ ಕಟ್ಟಿ ಇನ್ನೊಂದು ತುದಿ ತನ್ನ ಕಾಲಿಗೇ ಕಟ್ಟಿಕೊಂಡು ಮಲಗ್ತಾರೆ. ಅತ್ತೆ ಎದ್ರೆ ತನಗೂ ಎಚ್ಚರ ಆಗ್ಲಿ ಅಂತ."

ಹಗ್ಗದ ಇನ್ನೊಂದು ತುದಿ ಎಲ್ಲಿದೆ ಎಂದು ನಾನು ಕೇಳಿರಲಿಲ್ಲ. ಎಂ.ಬಿ.ಬಿ.ಎಸ್. ಓದುವಾಗ ಮೆದುಳಿನ ನರಕೋಶಗಳು ಹೇಗೆ ಕ್ಷಯಿಸುತ್ತವೆ ಎಂಬುದನ್ನು ನಮಗೆ ಕಲಿಸಿದ್ದರು. ಆ ರೋಗಿಯೊಡನೆ ರಾತ್ರಿ ಯಾರು ಎಚ್ಚರವಾಗಿರುತ್ತಾರೆ ಎಂದು ವಿಚಾರಿಸುವುದನ್ನು ನಾನು ಆ ಆಶಾ ಕಾರ್ಯಕರ್ತೆಯಿಂದ ಕಲಿತೆನು.

ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಡಿಮೆನ್ಷಿಯಾ ಎಂದು ಹೆಸರು. ನಮ್ಮ ಕಡೆ ಅರಳುಮರಳು ಎನ್ನುತ್ತಾರೆ, ವಯಸ್ಸಾದ ಮೇಲೆ ಇದು ಬಂದೇ ಬರುತ್ತದೆಂದು ತಿಳಿದು ಸುಮ್ಮನಾಗುತ್ತಾರೆ. ಇದು ಸರಿಯಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ವಯಸ್ಸಿನ ಮರೆವು. ಕನ್ನಡಕವನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುವುದು ಕಾಯಿಲೆ. 1906ರಲ್ಲಿ ಜರ್ಮನಿಯ ಆಲ್ಜೈಮರ್ ಎಂಬ ವೈದ್ಯರು ಇಂಥ ರೋಗಿಯೊಬ್ಬಳ ಮೆದುಳನ್ನು ಪರೀಕ್ಷಿಸಿ ಅದರಲ್ಲಾದ ವಿಕಾರಗಳನ್ನು ವಿದ್ವಾಂಸರ ಸಭೆಯಲ್ಲಿ ತೋರಿಸಿದರು. ಡಿಮೆನ್ಷಿಯಾದಲ್ಲಿ ಹೆಚ್ಚಿನ ಪಾಲು ಅವರ ಹೆಸರಿನ ಈ ರೋಗವೇ. ಲಕ್ವದಿಂದ ಮೆದುಳಿನ ರಕ್ತಸಂಚಾರ ಕೆಟ್ಟು ಬರುವುದು ಇನ್ನೊಂದು ಮುಖ್ಯ ಬಗೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟುಗಳನ್ನು ಹದ್ದಿನಲ್ಲಿಟ್ಟರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆಯಿದೆಯೆಂದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು ಅಂದಾಜು ಮಾಡಿದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದೇ ಅಧ್ಯಯನ ಹೇಳುತ್ತದೆ. ಆದಕಾರಣ ಇದು ಬೆಂಗಳೂರಿನವರ ಕಾಯಿಲೆಯೆಂದು ಯಾರೂ ಭಾವಿಸಬಾರದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಹಿರಿಯರನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬೇಕೇ, ಹೊರಗೆ ಎಲ್ಲಿಯಾದರೂ ಸೇರಿಸಬೇಕೇ? ಹೊರಗಿನ ಪತ್ರಿಕೆಗಳಲ್ಲಿ ಇದಕ್ಕೆ 'ನರ್ಸಿಂಗ್ ಹೋಂ' ಎಂದು ಬರೆದಿರುತ್ತಾರೆ. ಇದರಿಂದ ನಮ್ಮವರಿಗೆ ದೊಡ್ಡ ಗೊಂದಲವಾಗಿದೆ. ಹೊಸಪೇಟೆಯಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆಗೆ, ಅಪೆಂಡಿಕ್ಸ್ ಆಪರೇಷನ್ನಿಗೆ, ಗ್ಲೂಕೋಸ್ ಹಾಕಿಸಿಕೊಳ್ಳುವುದಕ್ಕೆ ಹೋಗುವ ಖಾಸಗಿ ಆಸ್ಪತ್ರೆ. ವರ್ಷಗಟ್ಟಲೆ ಹಿರಿಯರನ್ನು ನೋಡಿಕೊಳ್ಳುವ ಸ್ಥಳ ಅದಲ್ಲ. ಈ ಹೆಸರನ್ನು ನಂಬಿ ಕಂಪ್ಲಿ ಕಡೆಯ ಕುಟುಂಬವೊಂದು ತಾಯಿಯನ್ನು ಅಂಥ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿ, ಹನ್ನೆರಡು ದಿನ ಗ್ಲೂಕೋಸ್ ಹಾಕಿಸಿ, ಸಾಲ ಮಾಡಿಕೊಂಡು ಹಿಂದಿರುಗಿದ್ದನ್ನು ನಾನು ಬಲ್ಲೆ. ಹೊಸ ಜಾಗ, ರಾತ್ರಿಯೆಲ್ಲ ಉರಿಯುವ ದೀಪ, ಅಪರಿಚಿತ ಮುಖಗಳು, ಕೈಗೆ ಚುಚ್ಚಿದ ಸೂಜಿ, ಇವೆಲ್ಲ ಸೇರಿ ಆಕೆಯ ಗಲಿಬಿಲಿ ಇಮ್ಮಡಿಯಾಗಿತ್ತು. ಈ ಮರೆವಿಗೆ ಗ್ಲೂಕೋಸ್ ಔಷಧವಲ್ಲ. ವೃದ್ಧಾಶ್ರಮವೂ ಬೇರೆಯೇ ಸಂಗತಿ. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲ ಹಿರಿಯರಿಗಾಗಿ ಇರುವ ಎಷ್ಟೋ ಆಶ್ರಮಗಳು ಮರೆವಿನ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಡಿಮೆನ್ಷಿಯಾ ಆರೈಕೆ ಕೇಂದ್ರಗಳೆಂಬುವು ಮೂರನೆಯ ಬಗೆಯವು. ನಮ್ಮ ರಾಜ್ಯದಲ್ಲಿ ಅವು ಕೆಲವೇ ಇವೆ, ಇರುವವೂ ಬಹುಪಾಲು ಬೆಂಗಳೂರಿನಂಥ ನಗರಗಳಲ್ಲಿವೆ. ಅಲ್ಲಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥ ಕೆಲಸದಲ್ಲಿ ಹೆಸರಾದ ಸಂಸ್ಥೆಗಳಲ್ಲೊಂದು. ಖಾಸಗಿ ಕೇಂದ್ರಗಳಲ್ಲಿ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ ಖರ್ಚು ಬರುತ್ತದೆ. ಈ ಕಾಯಿಲೆ ಗೊತ್ತಾದ ಮೇಲೆ ರೋಗಿ ನಾಲ್ಕರಿಂದ ಎಂಟು ವರ್ಷ, ಕೆಲವೊಮ್ಮೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬದುಕಿರುತ್ತಾರೆ. ಆದ್ದರಿಂದ ಒಂದು ತಿಂಗಳ ಹಣವನ್ನಲ್ಲ, ಐದು ವರ್ಷದ ಹಣವನ್ನು ಎಣಿಸಿ ನೋಡಬೇಕು.

ಎಲ್ಲಿರಬೇಕೆಂಬ ತೀರ್ಮಾನಕ್ಕೆ ಮೊದಲು ಕಾಯಿಲೆ ಏನೆಂಬುದು ತೀರ್ಮಾನವಾಗಬೇಕು. ಮರೆವಿನಂತೆ ಕಾಣುವ ಎಲ್ಲವೂ ಡಿಮೆನ್ಷಿಯಾ ಅಲ್ಲ. ಥೈರಾಯಿಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಬಹುಕಾಲದ ಕುಡಿತ, ಅಂಗಡಿಯಿಂದ ತಂದು ನುಂಗುವ ನಿದ್ರೆಯ ಮಾತ್ರೆ, ಇವೂ ಹಾಗೆಯೇ ತೋರುತ್ತವೆ. ಬಚ್ಚಲಲ್ಲಿ ಜಾರಿಬಿದ್ದ ಅಜ್ಜನಿಗೆ ಕೆಲವು ವಾರಗಳ ನಂತರ ಮಂಕು ಕವಿದರೆ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಶಸ್ತ್ರಚಿಕಿತ್ಸೆಯಿಂದ ಆತ ಮೊದಲಿನಂತಾಗಬಹುದು. ಎರಡೇ ದಿನದಲ್ಲಿ ಇದ್ದಕ್ಕಿದ್ದಂತೆ ಬಡಬಡಿಸತೊಡಗಿದರೆ ಅದು ಜ್ವರದಿಂದಲೋ ಮೂತ್ರದ ಸೋಂಕಿನಿಂದಲೋ ಆಗಿರುವ ಸಂಭವವಿದ್ದು, ಅದೇ ದಿನ ವೈದ್ಯರಿಗೆ ತೋರಿಸತಕ್ಕದ್ದು. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಗತ್ಯವಿದ್ದರೆ ಜಿಲ್ಲಾ ಆಸ್ಪತ್ರೆಗೋ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ನಾವೇ ಬರೆದುಕೊಡುತ್ತೇವೆ. ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಿಂದ ನಮ್ಮ ರಾಜ್ಯದಲ್ಲಿ 2022ರಲ್ಲಿ ಮೆದುಳಿನ ಆರೋಗ್ಯದ ಕಾರ್ಯಕ್ರಮವೊಂದು ಆರಂಭವಾಗಿದ್ದು, ಜಿಲ್ಲಾ ಮಟ್ಟದಲ್ಲಿಯೇ ಇಂಥ ರೋಗಿಗಳನ್ನು ನೋಡುವ ಏರ್ಪಾಡು ಅದರ ಉದ್ದೇಶ. ಡೊನೆಪೆಜಿಲ್ ಮೊದಲಾದ ಮಾತ್ರೆಗಳಿವೆ. ಅವು ಕೆಲವರಲ್ಲಿ ಸ್ವಲ್ಪ ಕಾಲ ಸ್ವಲ್ಪ ಗುಣ ತೋರುತ್ತವೆಯೇ ಹೊರತು ರೋಗವನ್ನು ವಾಸಿಮಾಡುವುದಿಲ್ಲ. ವಾಸಿಮಾಡುತ್ತೇವೆಂದು ಪುಡಿ, ಎಣ್ಣೆ ಮಾರುವವರಿಗೆ ಹಣ ಸುರಿಯಬೇಡಿರಿ.

ಆ ಹಗ್ಗದ ಮನೆಯ ವೃದ್ಧೆಗೆ ಮೂತ್ರದ ಸೋಂಕಿದ್ದುದು ಪರೀಕ್ಷೆಯಲ್ಲಿ ತಿಳಿಯಿತು. ಅದಕ್ಕೆ ಔಷಧ ಕೊಟ್ಟ ಮೇಲೆ ರಾತ್ರಿಯ ಅಲೆದಾಟ ಅರ್ಧಕ್ಕಿಳಿಯಿತು, ಮರೆವು ಮಾತ್ರ ಉಳಿಯಿತು. ಆಗ ಮೂವರು ಗಂಡುಮಕ್ಕಳೂ ಸೇರಿ ಪಂಚಾಯಿತಿ ಮಾಡಿ, ತಾಯಿ ಒಬ್ಬೊಬ್ಬರ ಮನೆಯಲ್ಲಿ ಎರಡೆರಡು ತಿಂಗಳಿರಲಿ ಎಂದು ನಿರ್ಧರಿಸಿದರು.

ಈ ಪಾಳಿಯ ಪದ್ಧತಿ ನಮ್ಮಲ್ಲಿ ಮನೆಮನೆಯಲ್ಲಿಯೂ ಇದೆ. ಆಸ್ತಿ ಪಾಲಾದಂತೆ ತಂದೆ ತಾಯಿಯೂ ಪಾಲಾಗುತ್ತಾರೆ. ಬುದ್ಧಿ ನೆಟ್ಟಗಿರುವ ಹಿರಿಯರು ಇದನ್ನು ಹೇಗೋ ಸಹಿಸುತ್ತಾರೆ. ಮರೆವಿನ ರೋಗಿಗೆ ಇದು ನೇರವಾಗಿ ಹಾನಿ. ಹೊಸದನ್ನು ಕಲಿಯುವ ಶಕ್ತಿ ಈ ಕಾಯಿಲೆಯಲ್ಲಿ ಮೊದಲು ಹೋಗುತ್ತದೆ, ಹಳೆಯ ರೂಢಿ ಕೊನೆಗೆ ಹೋಗುತ್ತದೆ. ಇಪ್ಪತ್ತು ವರ್ಷ ನಡೆದಾಡಿದ ಮನೆಯಲ್ಲಿ ಬಚ್ಚಲು ಎಲ್ಲಿದೆಯೆಂದು ಕಾಲಿಗೇ ಗೊತ್ತಿರುತ್ತದೆ. ಎರಡು ತಿಂಗಳಿಗೊಮ್ಮೆ ಮನೆ ಬದಲಾದರೆ ಬಚ್ಚಲು ಸಿಗದೆ ಹಾಸಿಗೆಯಲ್ಲಿಯೇ ಆಗುತ್ತದೆ, ಬೈಗುಳ ಬೀಳುತ್ತದೆ, ಹೆದರಿಕೆಯಿಂದ ಅಲೆದಾಟ ಶುರುವಾಗುತ್ತದೆ. ಆದುದರಿಂದ ಆ ಸಹೋದರರಿಗೆ ನಾನು ಹೇಳಿದ್ದು ಇಷ್ಟೇ: ಪಾಳಿ ಇರಲಿ, ಆದರೆ ತಾಯಿ ತಿರುಗುವುದು ಬೇಡ, ನೀವು ತಿರುಗಿರಿ. ತಾಯಿ ಹಳೆಯ ಮನೆಯಲ್ಲಿಯೇ ಇರಲಿ; ಮಕ್ಕಳು, ಸೊಸೆಯಂದಿರು, ಹೆಣ್ಣುಮಕ್ಕಳು ಸರದಿಯ ಮೇಲೆ ಬಂದು ಇರಲಿ, ಬರಲಾಗದವರು ಹಣ ಕೊಡಲಿ. ಮೊದಲು ಯಾರೂ ಒಪ್ಪಲಿಲ್ಲ. ಕಿರಿಯ ಸೊಸೆ ಅತ್ತೆಯ ಮನೆಗೆ ಬಂದು ಹದಿನೈದು ದಿನ ಇದ್ದು ಹೋದ ಮೇಲೆ, ಹಗ್ಗ ಕಟ್ಟಿದವಳನ್ನು ದೂರುವುದನ್ನು ಬಿಟ್ಟರಂತೆ.

ಮನೆಯಲ್ಲಿ ನೋಡಿಕೊಳ್ಳುವುದೆಂದರೆ ಅನ್ನ ಹಾಕುವುದಷ್ಟೇ ಅಲ್ಲ, ಮನೆಯನ್ನೇ ಸ್ವಲ್ಪ ಬದಲಿಸಬೇಕು. ಎದ್ದೇಳುವುದು, ಸ್ನಾನ, ಊಟ ಎಲ್ಲವೂ ದಿನವೂ ಒಂದೇ ಹೊತ್ತಿಗೆ ನಡೆಯಬೇಕು. ರಾತ್ರಿ ಬಚ್ಚಲಿನ ದಾರಿಯಲ್ಲಿ ಒಂದು ಚಿಕ್ಕ ದೀಪ ಉರಿಯಲಿ. ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಗಳು ಬೀಗದೊಳಗಿರಲಿ. ನೀರೆಂದು ಕುಡಿಯುವ ಅಪಾಯವಿದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರನ್ನು ಪ್ರತಿ ಸಲವೂ ಬಂದ್ ಮಾಡಿರಿ. ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ನೀರಿನದು. ವಿಜಯನಗರದ ಅರಸರ ಕಾಲದ ಕಾಲುವೆಗಳೂ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಮನೆಗಳ ಬೆನ್ನಿಗೇ ಹರಿಯುತ್ತವೆ. ಬಾಗಿಲಿನ ಚಿಲಕವನ್ನು ಅವರ ಕಣ್ಣು ಹೋಗದ ಎತ್ತರದಲ್ಲಿ ಹಾಕಿಸಿರಿ, ಬಾಗಿಲಿಗೆ ಒಂದು ಗಂಟೆ ಕಟ್ಟಿರಿ, ತೆರೆದರೆ ಸದ್ದಾಗಲಿ. ಕಾಲಿಗೆ ಹಗ್ಗ ಕಟ್ಟುವ ಬದಲು ಬಾಗಿಲಿಗೆ ಗಂಟೆ ಕಟ್ಟುವುದು ಲೇಸು. ಆದರೆ ಒಳಗೆ ಬಿಟ್ಟು ಹೊರಗಿನಿಂದ ಬೀಗ ಜಡಿದು ಕೆಲಸಕ್ಕೆ ಹೋಗಬೇಡಿರಿ, ಬೆಂಕಿ ಬಿದ್ದರೆ ಹೊರಬರಲಾರರು. ಕೊರಳಿನ ದಾರದಲ್ಲಿಯೋ ಕೈಬಳೆಯಲ್ಲಿಯೋ ಹೆಸರು ಮತ್ತು ಫೋನ್ ನಂಬರು ಇರಲಿ. ಓಣಿಯ ಕಿರಾಣಿ ಅಂಗಡಿಯವರಿಗೂ ಆಟೋದವರಿಗೂ ವಿಷಯ ತಿಳಿಸಿಡಿರಿ. ಮುಚ್ಚಿಟ್ಟ ಕಾಯಿಲೆಯ ರೋಗಿ ತಪ್ಪಿಸಿಕೊಂಡರೆ ಹುಡುಕುವವರು ಇರುವುದಿಲ್ಲ.

ವಾದ ಮಾಡಬೇಡಿರಿ. ಸತ್ತುಹೋದ ತಮ್ಮ ಅವ್ವ ಎಲ್ಲಿ ಎಂದು ಎಪ್ಪತ್ತೈದರ ಅಜ್ಜಿ ಕೇಳಿದರೆ, "ಸತ್ತು ನಲವತ್ತು ವರ್ಷವಾಯಿತು" ಎಂದು ದಿನಕ್ಕೆ ಹತ್ತು ಸಲ ಹೇಳಿ ಹತ್ತು ಸಲ ಅಳಿಸುವುದರಿಂದ ಏನು ಪ್ರಯೋಜನ? ಅವರ ಅವ್ವನ ಅಡುಗೆ ಹೇಗಿತ್ತೆಂದು ಕೇಳಿರಿ, ಮಾತು ಬೇರೆ ಕಡೆ ಹೊರಳುತ್ತದೆ. ಸ್ವಂತ ಮನೆಯಲ್ಲಿಯೇ ಕುಳಿತು "ನಮ್ಮ ಮನೆಗೆ ಹೋಗೋಣ" ಎಂದರೆ ಬಾಗಿಲಿನಿಂದ ಬೇವಿನ ಮರದವರೆಗೆ ಕೈಹಿಡಿದು ನಡೆಸಿಕೊಂಡು ಬನ್ನಿರಿ. ಕೈಗೆ ಕೆಲಸ ಕೊಡಿರಿ; ಶೇಂಗಾ ಸುಲಿಯುವುದು, ಅಕ್ಕಿ ಆರಿಸುವುದು ಅನೇಕರಿಗೆ ಬಹುಕಾಲ ಮರೆತುಹೋಗಿರುವುದಿಲ್ಲ. ಆರಿಸಿದ ಅಕ್ಕಿಯಲ್ಲಿ ಕಲ್ಲು ಉಳಿದಿದ್ದರೆ ಆಮೇಲೆ ನೀವು ಆರಿಸಿಕೊಳ್ಳಬಹುದು. ಕಡೆಯ ಹಂತದಲ್ಲಿ ನುಂಗುವುದೇ ಕಷ್ಟವಾಗುತ್ತದೆ. ಆಗ ಜೋಳದ ರೊಟ್ಟಿಯನ್ನು ಬಿಟ್ಟು ಮೆತ್ತಗಿನ ನುಚ್ಚು, ಗಟ್ಟಿಯಾದ ಅಂಬಲಿಯನ್ನು ನೆಟ್ಟಗೆ ಕೂರಿಸಿ ನಿಧಾನವಾಗಿ ಕೊಡಬೇಕು. ಮಲಗಿಸಿ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ.

ಇಷ್ಟನ್ನೆಲ್ಲ ಮಾಡುವವರು ಯಾರು? ಇಲ್ಲಿಗೆ ಬಂದ ಗಂಡಸರು ದಯವಿಟ್ಟು ಗಮನವಿಟ್ಟು ಕೇಳಬೇಕು. 'ತಾಯಿಯನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತೇವೆ' ಎಂದು ಹೇಳುವವನು ಮಗ, ನೋಡಿಕೊಳ್ಳುವವಳು ಸೊಸೆ. ಮಾತು ಕೊಟ್ಟವರು ರಾತ್ರಿ ನಿದ್ರೆ ಮಾಡುತ್ತಾರೆ. ಮಗನು ತನ್ನ ತಾಯಿಯ ಬಟ್ಟೆ ಬದಲಿಸುವುದಕ್ಕೆ ಸಂಕೋಚಪಡುವುದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಎಚ್ಚರವಿರುವುದಕ್ಕೆ, ಊಟ ಮಾಡಿಸುವುದಕ್ಕೆ, ಅಂಗಳದಲ್ಲಿ ತಿರುಗಾಡಿಸುವುದಕ್ಕೆ ಯಾವ ಸಂಕೋಚವೂ ಇರಬೇಕಾಗಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 'ನಾವಿಬ್ಬರು ನಮಗಿಬ್ಬರು' ಎಂದೂ 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂದೂ ಕೆಂಪು ತ್ರಿಕೋನದಡಿ ಗೋಡೆಗೋಡೆಗೆ ಬರೆಸಿದ್ದು ನಮ್ಮ ಇಲಾಖೆಯೇ. ಅದು ಒಳ್ಳೆಯ ಮಾತೇ ಆಗಿತ್ತು. ಅದರಿಂದ ತಾಯಂದಿರೂ ಮಕ್ಕಳೂ ಉಳಿದರು. ಆದರೆ ಆರು ಮಕ್ಕಳು ಹಂಚಿಕೊಳ್ಳುತ್ತಿದ್ದ ಮುಪ್ಪಿನ ಭಾರ ಇಬ್ಬರ ಮೇಲೆ ಬೀಳುತ್ತದೆಂಬುದನ್ನು ಆ ಗೋಡೆಯ ಮೇಲೆ ಯಾರೂ ಬರೆಸಲಿಲ್ಲ. ಚಿಕ್ಕ ಕುಟುಂಬಕ್ಕೆ ಹೊರಗಿನ ನೆರವು ಬೇಕಾಗುವುದು ನಾಚಿಕೆಯ ಸಂಗತಿಯಲ್ಲ.

ಮನೆಯಲ್ಲಿ ನೋಡಿಕೊಳ್ಳುವುದು ಇನ್ನು ಸಾಧ್ಯವಿಲ್ಲವೆಂಬ ಕಾಲ ಕೆಲವು ಮನೆಗಳಿಗೆ ಬಂದೇ ಬರುತ್ತದೆ. ನೋಡಿಕೊಳ್ಳುವವರೇ ರೋಗಿಗಳಾದಾಗ, ಹಗಲು ಮನೆಯಲ್ಲಿ ಯಾರೂ ಇರದಿದ್ದಾಗ, ಎಪ್ಪತ್ತರ ಗಂಡ ಎಪ್ಪತ್ತರ ಹೆಂಡತಿಯನ್ನು ಎತ್ತಿ ಕೂರಿಸಲಾರದೆ ಇಬ್ಬರೂ ಬಿದ್ದಾಗ, ಹೊಡೆತ ಬಡಿತಕ್ಕೆ ಹೋದಾಗ. ಹಿರಿಯರು ಹೊಡೆಯುವುದಷ್ಟೇ ಅಲ್ಲ, ನೋಡಿಕೊಳ್ಳುವವರು ತಾಳ್ಮೆಗೆಟ್ಟು ಹಿರಿಯರ ಮೇಲೆ ಕೈಯೆತ್ತಿದ ದಿನವೂ ಅಂಥ ಕಾಲವೇ. ಹಾಗಾದ ದಿನ ಅದನ್ನು ಮುಚ್ಚಿಡದೆ ನಮಗೆ ತಿಳಿಸಿರಿ, ನಾವು ಬೈಯುವುದಿಲ್ಲ. ಟೆಲಿ-ಮಾನಸ್ 14416ಕ್ಕೆ ಹಗಲಿರುಳು ಕನ್ನಡದಲ್ಲಿ ಮಾತನಾಡಬಹುದು. ಹಿರಿಯರ ಸಹಾಯವಾಣಿ 14567.

2016ರಲ್ಲಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಲನಚಿತ್ರವನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಅನಂತನಾಗ್ ಅವರು ಅದರಲ್ಲಿ ಮರೆವಿನ ಕಾಯಿಲೆಯ ತಂದೆ. ಆ ತಂದೆ ಇದ್ದದ್ದು ಆರೈಕೆ ಕೇಂದ್ರದಲ್ಲಿ; ಕಳೆದುಹೋದದ್ದು ಮಗನು ಹೊರಗೆ ಕರೆದುಕೊಂಡು ಹೋದ ದಿನ. ಕೇಂದ್ರಕ್ಕೆ ಸೇರಿಸಿದವರೆಲ್ಲ ಕೆಟ್ಟ ಮಕ್ಕಳು, ಮನೆಯಲ್ಲಿಟ್ಟುಕೊಂಡವರೆಲ್ಲ ಶ್ರವಣಕುಮಾರರು ಎಂಬ ಊರ ಮಾತಿಗೆ ಆ ಚಿತ್ರ ಉತ್ತರ ಕೊಡುತ್ತದೆಂದು ನನಗೆ ತೋರುತ್ತದೆ.

ಸೇರಿಸುವುದಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ ನೋಡಿಕೊಂಡು ಬರಬೇಕು, ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೆ ಹೋಗಬೇಕು. ಕಚೇರಿ ಕೋಣೆಯನ್ನು ನೋಡಿ ಬರಬೇಡಿರಿ, ಬಚ್ಚಲನ್ನು ನೋಡಿರಿ. ಹಿರಿಯರನ್ನು ಮಂಚಕ್ಕೆ ಕಟ್ಟಿದ್ದಾರೆಯೇ, ಮಧ್ಯಾಹ್ನವೇ ಎಲ್ಲರೂ ನಿದ್ರೆಯ ಮಾತ್ರೆಯಲ್ಲಿ ತೂಕಡಿಸುತ್ತಿದ್ದಾರೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನರಿರುತ್ತಾರೆ, ಅವರಿಗೆ ನಮ್ಮ ಕನ್ನಡ ತಿಳಿಯುತ್ತದೆಯೇ ಎಂದು ವಿಚಾರಿಸಿರಿ. ಹಸಿವನ್ನೂ ನೋವನ್ನೂ ತಮ್ಮ ಮಾತಿನಲ್ಲಿಯೇ ಸರಿಯಾಗಿ ಹೇಳಲಾರದವರು ಪರಭಾಷೆಯವರಿಗೆ ಹೇಗೆ ಹೇಳಿಯಾರು? ವೈದ್ಯಕೀಯ ಚಿಕಿತ್ಸೆ ಕೊಡುತ್ತೇವೆಂದು ಹೇಳುವವರು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿದ್ದಾರೆಯೇ ಎಂದು ಕೇಳಿರಿ. ನೀವು ಬಂದು ನೋಡುವುದಕ್ಕೆ ಅಡ್ಡಿಪಡಿಸುವ ಕೇಂದ್ರಕ್ಕೆ ಸೇರಿಸಬೇಡಿರಿ.

ಸೇರಿಸುವುದು ಬೇರೆ, ಬಿಟ್ಟುಬಿಡುವುದು ಬೇರೆ. ಹಿರಿಯರನ್ನು ತೊರೆದು ಹೋಗುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಬರುವುದು 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯಿದೆಯಂತೆ ಮೂರು ತಿಂಗಳವರೆಗೆ ಕಾರಾಗೃಹಕ್ಕೆ ಗುರಿಮಾಡಬಲ್ಲ ಅಪರಾಧ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ರದ್ದುಪಡಿಸಬಹುದು. ಕಾಯಿಲೆ ಬಲಿತ ಮೇಲೆ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ನಾನು ಕಂಡಿದ್ದೇನೆ, ಅದರಿಂದ ಹುಟ್ಟಿದ ಮನಸ್ತಾಪಗಳನ್ನೂ ಕಂಡಿದ್ದೇನೆ. ತಿಳಿವಳಿಕೆ ಇರುವಾಗಲೇ ಅವರನ್ನು ಕೂರಿಸಿಕೊಂಡು, ಜಮೀನು ಏನಾಗಬೇಕು, ಪಿಂಚಣಿ ಯಾರು ತರಬೇಕು, ಮುಂದೆ ತಾವು ಎಲ್ಲಿರಲು ಇಷ್ಟ ಎಂದು ಕೇಳಿರಿ. ನಾವು ಎಲ್ಲರನ್ನೂ ಕೇಳುತ್ತೇವೆ, ಅವರನ್ನು ಕೇಳುವುದಿಲ್ಲ.

ಹಾಗೆ ಮೊದಲೇ ಇತ್ಯರ್ಥವಾಗದಿದ್ದರೆ ದೊಡ್ಡವರ ಮನೆಯಲ್ಲಿಯೂ ಜಗಳ ತಪ್ಪುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿ, 1974ರಲ್ಲಿ ಇಡೀ ದೇಶದ ರೈಲುಗಳನ್ನು ನಿಲ್ಲಿಸುವಂಥ ಮುಷ್ಕರ ನಡೆಸಿ, ಮುಂದೆ ರಕ್ಷಣಾ ಮಂತ್ರಿಗಳಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರಿಗೆ ಆಲ್ಜೈಮರ್ ಕಾಯಿಲೆ ಬಂದಿತು. ಅವರು ಯಾರ ಆರೈಕೆಯಲ್ಲಿರಬೇಕು, ಅವರನ್ನು ಯಾರು ಭೇಟಿಯಾಗಬಹುದು ಎಂಬ ವಿವಾದ 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಹಲವು ಭಾಷೆಗಳಲ್ಲಿ ಸಾವಿರಾರು ಜನರೆದುರು ಮಾತನಾಡುತ್ತಿದ್ದ ಮನುಷ್ಯ, ತನ್ನ ಇಚ್ಛೆ ಏನೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವರು 2019ರ ಜನವರಿಯಲ್ಲಿ ತೀರಿಕೊಂಡರು.

ಆ ಹಗ್ಗದ ಮನೆಯ ಕಥೆ ಏನಾಯಿತೆಂದು ತಾವು ಕೇಳಬಹುದು. ಎರಡು ವರ್ಷ ಪಾಳಿಯ ಮೇಲೆ ಮನೆಯಲ್ಲಿಯೇ ನಡೆಯಿತು. ಆಮೇಲೆ ಆ ಸೊಸೆಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದಿತು. ಭಾರ ಎತ್ತಬಾರದೆಂದು ನಾನೇ ಹೇಳಿದೆ. ಅಣ್ಣತಮ್ಮಂದಿರು ಹಣ ಕೂಡಿಸಿ ತಾಯಿಯನ್ನು ಬೆಂಗಳೂರಿನ ಕೇಂದ್ರವೊಂದರಲ್ಲಿ ಎರಡು ತಿಂಗಳಿಗೆಂದು ಸೇರಿಸಿದರು. ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತನಾಡಿದರು. ಎರಡು ತಿಂಗಳಿಗೆ ಕರೆತಂದಾಗ ಆ ವೃದ್ಧೆ ತನ್ನ ಮನೆಯನ್ನೇ ಗುರುತಿಸಲಿಲ್ಲ, ಹೊಂದಿಕೊಳ್ಳಲು ಮೂರು ವಾರ ಹಿಡಿಯಿತು. ಸೊಸೆಯ ಹೆಸರೂ ನೆನಪಿರಲಿಲ್ಲ. ಆದರೆ ಬೇರೆಯವರು ತುತ್ತು ಕೊಟ್ಟರೆ ಬಾಯಿ ಬಿಗಿಹಿಡಿಯುತ್ತಿದ್ದವರು ಆಕೆ ಕೊಟ್ಟರೆ ಬಾಯಿ ತೆರೆಯುತ್ತಿದ್ದರು. ಹೋದ ಕಾರ್ತಿಕದಲ್ಲಿ ಮನೆಯಲ್ಲಿಯೇ ತೀರಿಕೊಂಡರು. ಕಳಿಸಿದ್ದು ತಪ್ಪಾಯಿತೇ ಎಂದು ಆಕೆ ನನ್ನನ್ನು ಕೇಳಿದರು. ಇಲ್ಲವೆಂದೆ. ಕಳಿಸದಿದ್ದರೆ ಆಕೆಯ ಹೊಲಿಗೆ ಬಿಚ್ಚುತ್ತಿತ್ತು, ಆಮೇಲೆ ತುತ್ತು ಕೊಡುವುದಕ್ಕೆ ಆ ಕೈಯೂ ಇರುತ್ತಿರಲಿಲ್ಲ.

ನನ್ನ ಮಾತು ಇಷ್ಟು. ಹಿಂದಿನ ಸಾಲಿನಲ್ಲಿ ತಾಯಿಯೊಬ್ಬರು ಆಗಿನಿಂದ ಕೈಯೆತ್ತುತ್ತಿದ್ದಾರೆ, ಪಕ್ಕದಲ್ಲಿರುವ ಅವರ ಯಜಮಾನರು ಕೈ ಇಳಿಸು ಎನ್ನುತ್ತಿದ್ದಾರೆ. ಮೊದಲು ಆ ತಾಯಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.